ಮೀಟಿಂಗ್‌ನಲ್ಲಿ ಯಾರೂ ಮಾತಾಡಲ್ಲ, ಮಷಿನ್ ಮುಂದೆ ಕೇಳಿ: ಸಣ್ಣ ಪ್ರೆಸ್ ಶಾಪಿನ ಸುರಕ್ಷತೆ

ಓದುಗರ ಪ್ರಶ್ನೆ: ಪೀಣ್ಯದಲ್ಲಿ ಅಪ್ಪ ಕಟ್ಟಿದ, ತಗಡು ಕತ್ತರಿಸಿ ಒತ್ತಿ ಭಾಗಗಳನ್ನು ಮಾಡುವ ಪ್ರೆಸ್ ಶಾಪನ್ನು ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. 10 ಟನ್‌ನಿಂದ 63 ಟನ್‌ವರೆಗಿನ ಒಂಬತ್ತು ಪವರ್ ಪ್ರೆಸ್‌ಗಳಿವೆ, ಎಲ್ಲವೂ ಹಳೆಯ ಪಿನ್ ಕ್ಲಚ್‌ನವು. ಎರಡು ಶಿಫ್ಟ್ ಸೇರಿ 24 ಜನ. ಅವರಲ್ಲಿ 10 ಜನ ಕಂಟ್ರಾಕ್ಟರ್ ಕಡೆಯವರು, ಬಹುತೇಕ ಒಡಿಶಾ, ಬಿಹಾರದ ಹುಡುಗರು. ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳು) ತೆಗೆಯಲು, ಪ್ಯಾಕಿಂಗ್‌ಗೆ ಐದು ಜನ ಹೆಂಗಸರಿದ್ದಾರೆ. ಹೋದ ವರ್ಷ ಒಬ್ಬ ಆಪರೇಟರ್‌ನ ತೋರುಬೆರಳಿನ ತುದಿ ಹೋಯಿತು. ಆಮೇಲೆ ಎಲ್ಲ ಪ್ರೆಸ್‌ಗೂ ಎರಡು ಕೈ ಬಟನ್ ಹಾಕಿಸಿದೆ. ಒಂದು ತಿಂಗಳೊಳಗೆ ನಾಲ್ಕು ಪ್ರೆಸ್‌ಗಳಲ್ಲಿ ಒಂದು ಬಟನ್ನಿಗೆ ಟೇಪ್ ಸುತ್ತಿ ಒಂದೇ ಕೈಯಲ್ಲಿ ಓಡಿಸುತ್ತಿದ್ದರು. ಎಲ್ಲರನ್ನೂ ಕೂರಿಸಿ ಸೇಫ್ಟಿ ಮೀಟಿಂಗ್ ಮಾಡಿದೆ. ಯಾರೂ ಬಾಯಿ ಬಿಡಲಿಲ್ಲ. ಸೂಪರ್‌ವೈಸರ್ ಅಪ್ಪನ ಕಾಲದವರು, "ಇವರಿಗೆ ಹೇಳಿ ಪ್ರಯೋಜನ ಇಲ್ಲಮ್ಮ, ಫೈನ್ ಹಾಕಿ" ಅನ್ನುತ್ತಾರೆ. ಈಗ ನಮ್ಮಿಂದ ಮಾಲು ಕೊಳ್ಳುವ ಕಂಪನಿಯವರು ಆಡಿಟ್‌ಗೆ ಬಂದು ಸೇಫ್ಟಿ ಕಮಿಟಿಯ ಮಿನಿಟ್ಸ್ ಕೇಳಿದ್ದಾರೆ. ಇಷ್ಟು ಚಿಕ್ಕ ಜಾಗಕ್ಕೆ ಕಮಿಟಿ ಬೇಕೇ ಬೇಕಾ? ಕಮಿಟಿ ಮಾಡಿದರೆ ಯೂನಿಯನ್ ಹುಟ್ಟುತ್ತದೆ ಅಂತ ಅಪ್ಪನಿಗೆ ಭಯ. ನನಗೆ ಇನ್ನೊಬ್ಬರ ಬೆರಳು ಹೋಗದಿದ್ದರೆ ಸಾಕು.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತುಕೊಂಡಿವೆ. ಒಂದು ಕಾಗದದ್ದು, ಅಂದರೆ ಕಮಿಟಿ ಬೇಕೇ, ಮಿನಿಟ್ಸ್ ಏನು ಬರೆಯಬೇಕು ಅನ್ನುವುದು. ಇನ್ನೊಂದು ಬೆರಳಿನದು: ನಿಮ್ಮ ಜನ ಯಾಕೆ ಮಾತಾಡುತ್ತಿಲ್ಲ, ಅವರಿಗಾಗಿಯೇ ಹಾಕಿಸಿದ ರಕ್ಷಣೆಯನ್ನು ಅವರೇ ಯಾಕೆ ಕೆಡಿಸುತ್ತಾರೆ ಅನ್ನುವುದು. ಕಾಗದದ ಪ್ರಶ್ನೆಗೆ ಉತ್ತರ ಚಿಕ್ಕದು, ಅದನ್ನು ಆಮೇಲೆ ನೋಡೋಣ. ಬೆರಳಿನದಕ್ಕೆ ಹೋಗುವ ಮೊದಲು ತುರ್ತಾಗಿ ಹೇಳಬೇಕಾದ ಒಂದು ಮಾತಿದೆ.

ಪಿನ್ ಕ್ಲಚ್ ಪ್ರೆಸ್‌ನಲ್ಲಿ ಎರಡು ಕೈ ಬಟನ್, ಟೇಪ್ ಇಲ್ಲದೆ ಸರಿಯಾಗಿ ಬಳಸಿದರೂ, ಪೂರ್ತಿ ರಕ್ಷಣೆ ಕೊಡುವುದಿಲ್ಲ. ಪಿನ್ ಒಮ್ಮೆ ಫ್ಲೈವೀಲ್‌ಗೆ, ಅಂದರೆ ಸದಾ ತಿರುಗುವ ಭಾರದ ಚಕ್ರಕ್ಕೆ, ಕೂತರೆ ರ‍್ಯಾಮ್ (ಮೇಲಿನಿಂದ ಇಳಿದು ಒತ್ತುವ ಭಾಗ) ಕೆಳಗೆ ಬಂದು ಮೇಲೆ ಹೋಗುವವರೆಗೆ ನಿಲ್ಲುವುದಿಲ್ಲ. ಮಧ್ಯದಲ್ಲಿ ಬಟನ್ ಬಿಟ್ಟರೂ ಅಷ್ಟೇ, ಕರೆಂಟ್ ತೆಗೆದರೂ ಅಷ್ಟೇ. ಹಾಗಾಗಿ ಬಟನ್ ಒತ್ತಿದ ಮೇಲೆ ಕೈ ಡೈ (ಪೀಸ್ ಇಡುವ ಕೆಳಗಿನ ಅಚ್ಚು) ತಲುಪುವಷ್ಟರಲ್ಲಿ ರ‍್ಯಾಮ್ ಕೆಳಗೆ ಬಂದು ಮುಗಿದಿರಬೇಕು. ಇದನ್ನು ಲೆಕ್ಕ ಹಾಕಬಹುದು. ಕೈ ಸೆಕೆಂಡಿಗೆ ಸುಮಾರು 1.6 ಮೀಟರ್ ಚಲಿಸುತ್ತದೆ ಎಂದು ಹಿಡಿಯುವುದು ರೂಢಿ. ನಿಮಿಷಕ್ಕೆ 60 ಸ್ಟ್ರೋಕ್ ಹೊಡೆಯುವ ಪ್ರೆಸ್‌ನಲ್ಲಿ ಚಕ್ರ ಒಂದು ಸುತ್ತು ಬರಲು ಒಂದು ಸೆಕೆಂಡು. ಫ್ಲೈವೀಲ್‌ನಲ್ಲಿ ಪಿನ್ ಕೂರಲು ಒಂದೇ ಜಾಗ ಇದ್ದರೆ, ಅದು ಎದುರಿಗೆ ಬರುವವರೆಗೆ ಹೆಚ್ಚೆಂದರೆ ಒಂದು ಸುತ್ತು ಕಾಯಬೇಕು, ಆಮೇಲೆ ರ‍್ಯಾಮ್ ಕೆಳಗಿಳಿಯಲು ಅರ್ಧ ಸುತ್ತು. ಒಟ್ಟು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಕೈ 2.4 ಮೀಟರ್ ಹೋಗುತ್ತದೆ. ಅಂದರೆ ಬಟನ್ ಡೈಯಿಂದ 2.4 ಮೀಟರ್ ದೂರ ಇರಬೇಕು! ಪಿನ್ ಕೂರಲು ಮೂರು ಜಾಗ ಇದ್ದರೂ ದೂರ ಸುಮಾರು 1.3 ಮೀಟರ್ ಆಗುತ್ತದೆ. ನಿಮ್ಮಲ್ಲಿ ಬಟನ್‌ಗಳು ಡೈಯಿಂದ ಒಂದೂವರೆ ಅಡಿಯಲ್ಲಿ ಇರಬಹುದು. ಬಟನ್ ಒತ್ತಿ, ಪೀಸ್ ಓರೆಯಾಗಿದೆ ಅಂತ ಕಂಡು ಸರಿಪಡಿಸಲು ಕೈ ಹಾಕಿದರೆ ಬೆರಳು ಸಿಗುತ್ತದೆ.

ಯಾರಾದರೂ ನಿಮಗೆ ಲೈಟ್ ಕರ್ಟನ್ ಮಾರಲು ಬಂದರೆ ಇದೇ ಕಾರಣಕ್ಕೆ ಬೇಡ ಅನ್ನಿ. ಬೆಳಕಿನ ಪರದೆ ಕೈಯನ್ನು ಗುರುತಿಸಿ ಪ್ರೆಸ್‌ಗೆ ನಿಲ್ಲು ಅನ್ನುತ್ತದೆ, ಪಿನ್ ಕ್ಲಚ್ ಪ್ರೆಸ್ ನಿಲ್ಲಲಾರದು. ಮಧ್ಯದಲ್ಲೇ ನಿಲ್ಲಬಲ್ಲ ಪ್ರೆಸ್‌ಗಳಿಗೆ, ಉದಾಹರಣೆಗೆ ಗಾಳಿಯಿಂದ ನಡೆಯುವ ಘರ್ಷಣೆ ಕ್ಲಚ್ ಮತ್ತು ಬ್ರೇಕ್ ಇರುವವಕ್ಕೆ, ಮಾತ್ರ ಅದು ಸರಿ.

ಇನ್ನೂ ಒಂದು ಸಂಗತಿ. ಟೇಪ್ ಸುತ್ತಿದರೂ ಪ್ರೆಸ್ ಓಡಿತು ಅಂದರೆ ವೈರಿಂಗ್‌ನಲ್ಲೇ ದೋಷ ಇದೆ. ಸರಿಯಾದ ಎರಡು ಕೈ ಕಂಟ್ರೋಲ್‌ನಲ್ಲಿ ಎರಡೂ ಬಟನ್‌ಗಳನ್ನು ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು, ಮುಂದಿನ ಸ್ಟ್ರೋಕ್‌ಗೆ ಮೊದಲು ಎರಡನ್ನೂ ಬಿಡಬೇಕು. ಒಂದನ್ನು ಕಟ್ಟಿಹಾಕಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ನಿಮ್ಮ ಎಲೆಕ್ಟ್ರಿಷಿಯನ್ ಬಹುಶಃ ಎರಡು ಬಟನ್‌ಗಳನ್ನು ಸಾಲಾಗಿ ಜೋಡಿಸಿ ಬಿಟ್ಟಿದ್ದಾರೆ. ಇದಕ್ಕೆಂದೇ ಟು-ಹ್ಯಾಂಡ್ ಸೇಫ್ಟಿ ರಿಲೇ ಸಿಗುತ್ತದೆ, ಅದನ್ನು ಹಾಕಿಸಿ. ದೂರದ ಸಮಸ್ಯೆ ಅದರಿಂದ ಬಗೆಹರಿಯುವುದಿಲ್ಲ, ಆದರೆ ಟೇಪಿನ ದಾರಿ ಮುಚ್ಚುತ್ತದೆ.

ಇಷ್ಟು ವಿವರ ಯಾಕೆ ಕೊಟ್ಟೆ ಅಂದರೆ, ಪ್ರೆಸ್ ಮುಂದೆ ದಿನಕ್ಕೆ ಸಾವಿರಾರು ಸ್ಟ್ರೋಕ್ ಹೊಡೆಯುವವನಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತಿರುತ್ತದೆ. ಲೆಕ್ಕ ಗೊತ್ತಿರಲಿಕ್ಕಿಲ್ಲ, ಬಟನ್ ಒತ್ತಿದ ಮೇಲೂ ಕೈ ಒಳಗೆ ಹೋಗುತ್ತದೆ ಅನ್ನುವುದು ಗೊತ್ತು. ಬೆರಳನ್ನೂ ಕಾಯದೆ ಕೆಲಸವನ್ನೂ ನಿಧಾನ ಮಾಡುವ ವಸ್ತುವಿಗೆ ಅವನು ಟೇಪ್ ಸುತ್ತಿದ. ಸೂಪರ್‌ವೈಸರ್ ಅದನ್ನು ಉಡಾಫೆ ಅಂದುಕೊಂಡರು. ಬಟನ್ ಹಾಕಿಸುವ ಮೊದಲು ಯಾರೂ ಕೇಳದ ಪ್ರಶ್ನೆಗೆ ಬಂದ ಉತ್ತರ ಅದು.

ಆ ನಾಲ್ಕು ಪ್ರೆಸ್‌ಗಳಿಗೇ ಟೇಪ್ ಯಾಕೆ, ಉಳಿದ ಐದಕ್ಕೆ ಯಾಕಿಲ್ಲ? ನೀವು ಹುಡುಕಬೇಕಾದದ್ದು ಇದನ್ನು. ಪ್ರೆಸ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಮೂರು. ಮೊದಲನೆಯದು, ಪಂಚ್ (ರ‍್ಯಾಮ್‌ಗೆ ಕಟ್ಟಿದ, ತಗಡಿಗೆ ಇಳಿಯುವ ಭಾಗ) ತಾಗುವವರೆಗೆ ಪೀಸನ್ನು ಒಂದು ಕೈಯಲ್ಲಿ ಹಿಡಿದೇ ಇರಬೇಕಾದ ಡೈ. ಪೀಸನ್ನು ಜಾಗದಲ್ಲಿ ಕೂರಿಸುವ ಲೊಕೇಟರ್ ಪಿನ್ ಸವೆದಿರುತ್ತದೆ, ಅಥವಾ ಇರುವುದೇ ಇಲ್ಲ, ಕೈಬಿಟ್ಟರೆ ಪೀಸ್ ಜಾರುತ್ತದೆ. ಅಂಥ ಕೆಲಸಕ್ಕೆ ಎರಡು ಕೈ ಬಟನ್ ಕೊಟ್ಟರೆ ಕೆಲಸ ಆಗುವುದೇ ಇಲ್ಲ. ಪರಿಹಾರ ಡೈಯಲ್ಲಿದೆ: ಹೊಸ ಲೊಕೇಟರ್, ಪೀಸ್ ಕೂರುವ ಗೂಡು, ಇಲ್ಲವೇ ಡೈಗೆ ಒಂದು ಚಿಕ್ಕ ಮ್ಯಾಗ್ನೆಟ್. ಎರಡನೆಯದು, ಬಟನ್ ಇಟ್ಟ ಜಾಗ. ಭುಜಕ್ಕಿಂತ ಎತ್ತರದಲ್ಲಿ ಗಡುಸಾದ ಸ್ಪ್ರಿಂಗ್ ಬಟನ್ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಹೆಗಲು ಸೇದುತ್ತದೆ. ಮೊಣಕೈ ಮಟ್ಟಕ್ಕೆ ತಂದು, ಅಂಗೈಯಿಂದ ಒತ್ತುವ ಹಗುರ ಬಟನ್ ಹಾಕಿದರೆ ಆ ಕಾರಣ ಹೋಗುತ್ತದೆ. ಮೂರನೆಯದು ಪೀಸ್ ಲೆಕ್ಕ, ಅದಕ್ಕೆ ಆಮೇಲೆ ಬರುತ್ತೇನೆ. ಫೈನ್ ಹಾಕಿದರೆ ಈ ಮೂರರಲ್ಲಿ ಒಂದೂ ಬದಲಾಗುವುದಿಲ್ಲ. ನೀವು ಶಾಪಿಗೆ ಕಾಲಿಟ್ಟಾಗ ಟೇಪ್ ಮಾಯ, ಆಫೀಸಿಗೆ ಹೋದ ಮೇಲೆ ಮತ್ತೆ ಹಾಜರ್. ಕಾನೂನಿನಲ್ಲೂ ಫೈನ್‌ಗೆ ಕಟ್ಟುಪಾಡುಗಳಿವೆ. ಯಾವ ತಪ್ಪಿಗೆ ಎಂದು ಮೊದಲೇ ಅನುಮೋದನೆ ಪಡೆದು ಬೋರ್ಡಿಗೆ ಹಾಕಿರಬೇಕು, ಆ ಅವಧಿಯ ಸಂಬಳದ 3%ಗಿಂತ ಹೆಚ್ಚು ಹಿಡಿಯುವಂತಿಲ್ಲ, ಹಿಡಿದ ಹಣ ಕೆಲಸಗಾರರ ಒಳಿತಿಗೇ ಹೋಗಬೇಕು.

ಪಿನ್ ಕ್ಲಚ್ ಪ್ರೆಸ್‌ಗೆ ನಂಬಬಹುದಾದ ರಕ್ಷಣೆ ಅಂದರೆ ಕೈ ಒಳಗೆ ಹೋಗಲಾಗದ ಹಾಗೆ ಬೋಲ್ಟ್ ಹಾಕಿ ಕೂರಿಸಿದ ಗಾರ್ಡ್. ಸ್ಟ್ರಿಪ್ (ತಗಡಿನ ಉದ್ದ ಪಟ್ಟಿ) ತಳ್ಳಿ ಅದರಿಂದ ತುಂಡು, ಅಂದರೆ ಬ್ಲ್ಯಾಂಕ್, ಕತ್ತರಿಸುವ ಎಲ್ಲ ಡೈಗಳಿಗೂ ಇದು ಆಗುತ್ತದೆ. ಸ್ಟ್ರಿಪ್ ಹೋಗಲು ಬಿಡುವ ಸೀಳು 6 ಮಿಲಿಮೀಟರ್ ಇದ್ದರೆ ಅಪಾಯದ ಜಾಗ ಸೀಳಿನಿಂದ ಕನಿಷ್ಠ 10 ಮಿ.ಮೀ. ಒಳಗಿರಬೇಕು. ಸೀಳು 8 ಆದರೆ 20, 10 ಆದರೆ 80, 12 ಆದರೆ 100, 20 ಆದರೆ 120 ಮಿ.ಮೀ. ಗಾರ್ಡ್‌ಗೆ ನಿಂತ ಸರಳುಗಳು ಒಳ್ಳೆಯದು, ಅಡ್ಡ ಸರಳು ಕಣ್ಣಿಗೆ ಅಡ್ಡ ಬರುತ್ತದೆ. ಒಳಮೈಗೆ ಹೊಳೆಯದ ಕಪ್ಪು ಬಣ್ಣ ಬಳಿಯಿರಿ, ಡೈ ಸ್ಪಷ್ಟವಾಗಿ ಕಾಣುತ್ತದೆ. ಹಳದಿ ಬಳಿದರೆ ಬೆಳಕು ಕಣ್ಣಿಗೆ ಹೊಡೆದು, ಡೈ ಕಾಣಲ್ಲ ಅಂತ ಗಾರ್ಡ್ ಬಿಚ್ಚುತ್ತಾರೆ. ಸಾಲದ್ದಕ್ಕೆ ಪ್ರೆಸ್ ಮೇಲೆ ಒಂದು ಲೈಟ್ ಕೂಡ ಇರಲಿ.

ಕೈಯಲ್ಲೇ ಒಂದೊಂದು ಪೀಸ್ ಇಟ್ಟು ತೆಗೆಯುವ ಎರಡನೇ ಆಪರೇಷನ್‌ಗಳಿಗೆ ಇಂಥ ಗಾರ್ಡ್ ಹಾಕಲು ಬರುವುದಿಲ್ಲ. ಅಲ್ಲಿ ಇರುವ ದಾರಿಗಳು: ಬಾಗಿಲು ಮುಚ್ಚದೆ ಪಿನ್ ಬೀಳದಂತೆ ಜೋಡಿಸಿದ ಗೇಟ್ ಗಾರ್ಡ್. ಹೊರಗೆ ಎಳೆದು ಪೀಸ್ ಇಟ್ಟು ಒಳಗೆ ತಳ್ಳುವ ಸ್ಲೈಡಿಂಗ್ ಡೈ. ಪಂಚ್ ಮತ್ತು ಡೈ ನಡುವಿನ ತೆರವು 6 ಮಿ.ಮೀ. ಮೀರದಂತೆ ಸ್ಟ್ರೋಕ್ ಕಡಿಮೆ ಮಾಡುವುದು. ಇವುಗಳ ಜೊತೆಗೆ ಅಲ್ಯೂಮಿನಿಯಂ ಅಥವಾ ನೈಲಾನ್ ಇಕ್ಕಳ, ಮ್ಯಾಗ್ನೆಟ್ ಕೋಲು. ಉಕ್ಕಿನ ಇಕ್ಕಳ ಸಿಕ್ಕಿಕೊಂಡರೆ ಡೈ ಒಡೆಯುತ್ತದೆ, ಆ ಭಯಕ್ಕೆ ಆಪರೇಟರ್ ಇಕ್ಕಳ ಬಿಟ್ಟು ಕೈಯೇ ಹಾಕುತ್ತಾನೆ. ಇಕ್ಕಳ ಕೆಲಸಕ್ಕೆ ನೆರವು ಅಷ್ಟೇ, ಅದನ್ನೇ ಗಾರ್ಡ್ ಅಂತ ಲೆಕ್ಕ ಹಿಡಿಯಬೇಡಿ. ಗ್ಲೌಸ್ ಅಂಚಿನಿಂದ ಕೊಯ್ಯುವುದನ್ನು ತಡೆಯುತ್ತದೆ, 20 ಟನ್ ಒತ್ತಡದ ಮುಂದೆ ಅದರದ್ದೇನೂ ನಡೆಯದು.

ಯಾವ ಡೈಗೆ ಯಾವುದು ಎಂದು ಆಫೀಸಿನಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಕೆಲಸಗಾರರ ಭಾಗವಹಿಸುವಿಕೆ ಅಂತ ಕಾಗದದಲ್ಲಿ ಬರೆಯುವ ದೊಡ್ಡ ಪದ ನೆಲಕ್ಕಿಳಿಯುವುದು ಇಲ್ಲಿ. ಹೀಗೆ ಮಾಡಿ. ಒಂದು ಡೈ ಆರಿಸಿ, ಎಲ್ಲರೂ ಹೆದರುವ ಡೈಯನ್ನೇ. ಆ ಡೈ ಓಡಿಸುವ ಆಪರೇಟರ್, ಪ್ರೆಸ್‌ಗೆ ಡೈ ಕೂರಿಸುವ ಡೈ ಸೆಟ್ಟರ್, ಗಾರ್ಡ್ ಮಾಡಿಕೊಡುವ ಫ್ಯಾಬ್ರಿಕೇಟರ್, ನೀವು. ನಾಲ್ಕೇ ಜನ. ಮೋಟಾರ್ ಆಫ್ ಮಾಡಿ, ಮೇನ್ ಸ್ವಿಚ್‌ಗೆ ಬೀಗ ಹಾಕಿ, ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಮೋಟಾರ್ ಆಫ್ ಆದ ಮೇಲೂ ಚಕ್ರ ತುಂಬ ಹೊತ್ತು ತಿರುಗುತ್ತಿರುತ್ತದೆ, ಆಗ ಪೆಡಲ್ ತುಳಿದರೆ ಒಂದು ಪೂರ್ತಿ ಸ್ಟ್ರೋಕ್ ಬೀಳುತ್ತದೆ. ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡಿ. ಆಮೇಲೆ ಆಪರೇಟರ್‌ಗೆ ಕೇಳಿ: "ಈ ಕೆಲಸದಲ್ಲಿ ಕೈ ಯಾವಾಗ ಯಾವಾಗ ಒಳಗೆ ಹೋಗುತ್ತೆ, ಮಾಡಿ ತೋರಿಸಿ."

ಅವರು ತೋರಿಸುತ್ತಾರೆ. ಪೀಸ್ ಪಂಚ್‌ಗೆ ಅಂಟಿದಾಗ, ಸ್ಕ್ರ್ಯಾಪ್ ಮೇಲೆದ್ದು ಬಂದಾಗ, ಎಣ್ಣೆ ಹಚ್ಚುವಾಗ, ಸ್ಟ್ರಿಪ್ ಮುಗಿದು ಕೊನೆಯ ತುಂಡು ಉಳಿದಾಗ. ಬೆರಳು ಹೋಗುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿ, ಮಾಮೂಲಿ ಸ್ಟ್ರೋಕ್‌ನಲ್ಲಿ ಅಷ್ಟಾಗಿ ಅಲ್ಲ. ಪ್ರತಿಯೊಂದಕ್ಕೂ ಡೈಯಲ್ಲೇ ಉತ್ತರ ಇರುತ್ತದೆ: ಅಂಟುವುದಕ್ಕೆ ಸ್ಪ್ರಿಂಗ್ ಎಜೆಕ್ಟರ್ ಅಥವಾ ನಾಕ್‌ಔಟ್, ಸ್ಕ್ರ್ಯಾಪ್ ಏಳುವುದಕ್ಕೆ ಪಂಚ್ ಒಳಗಿಳಿಯುವ ಆಳ ಮತ್ತು ಕ್ಲಿಯರೆನ್ಸ್ ನೋಡುವುದು, ಎಣ್ಣೆಗೆ ಉದ್ದ ಹಿಡಿಯ ಬ್ರಷ್, ಕೊನೆಯ ತುಂಡಿಗೆ ತಳ್ಳುಕೋಲು. ಇವನ್ನೆಲ್ಲ ಬರೆದುಕೊಂಡ ಮೇಲೆ ಪ್ಯಾಕಿಂಗ್‌ನ ರಟ್ಟು ತಂದು ಗಾರ್ಡಿನ ಅಳತೆ ಕತ್ತರಿಸಿ ಟೇಪ್ ಹಾಕಿ ಡೈಗೆ ನಿಲ್ಲಿಸಿ. ಪ್ರೆಸ್ ನಿಂತಿರುವಾಗಲೇ ಆಪರೇಟರ್ ಸ್ಟ್ರಿಪ್ ತಳ್ಳಿ ನೋಡಲಿ. ಇಲ್ಲಿ ಕಾಣಲ್ಲ, ಇಲ್ಲಿ ಗೆಣ್ಣು ತಾಗುತ್ತೆ ಅಂದ ಕಡೆ ಪೆನ್ಸಿಲ್ ಗುರುತು ಹಾಕಿ. ಆ ರಟ್ಟಿನ ಅಳತೆಗೆ ತಗಡಿನ ಗಾರ್ಡ್ ಮಾಡಿಸಿ, ಸೀಳಿನ ದೂರಗಳನ್ನು ಮೇಲೆ ಹೇಳಿದ ಲೆಕ್ಕಕ್ಕೆ ಹೊಂದಿಸಿ. ಒಂದು ಶಿಫ್ಟ್ ಓಡಿದ ಮೇಲೆ ಮತ್ತೆ ಕೇಳಿ, ಬದಲಾಯಿಸಿ. ತಾನೇ ಅಳತೆ ಕೊಟ್ಟ ಗಾರ್ಡನ್ನು ಬಿಚ್ಚುವ ಆಪರೇಟರ್ ಅಪರೂಪ. ಬಿಚ್ಚಿದರೂ, ಯಾಕೆ ಬಿಚ್ಚಿದೆ ಅಂತ ನಿಮಗೆ ಬಂದು ಹೇಳುತ್ತಾನೆ.

ಮೀಟಿಂಗ್‌ನಲ್ಲಿ ಅದೇ ಜನ ಸುಮ್ಮನಿದ್ದದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಎಲ್ಲರ ಎದುರು, ಸೂಪರ್‌ವೈಸರ್ ಪಕ್ಕದಲ್ಲಿ, "ಏನಾದ್ರೂ ತೊಂದರೆ ಇದೆಯಾ?" ಅಂತ ಮಾಲೀಕರು ಕನ್ನಡದಲ್ಲಿ ಕೇಳಿದಾಗ ಕಂಟ್ರಾಕ್ಟರ್ ಕಡೆಯ ಒಡಿಯಾ ಹುಡುಗ ಹೇಳುವುದು ಒಂದೇ: "ನಹೀ ಮೇಡಂ." ಅವನಿಗೆ ಭಾಷೆ ಒಂದು ಅಡ್ಡಿ. ಹೇಳಿದರೆ ನಾಳೆ ಕಂಟ್ರಾಕ್ಟರ್ ಬೇರೆ ಹುಡುಗನನ್ನು ಕಳಿಸಬಹುದು ಅನ್ನುವುದು ಅದಕ್ಕಿಂತ ದೊಡ್ಡ ಅಡ್ಡಿ. ಹಳಬರಿಗೆ ಇನ್ನೊಂದು ಅನುಭವ: ಹಿಂದೆ ಹೇಳಿದ್ದರು, ಏನೂ ಆಗಲಿಲ್ಲ. ಪ್ರೆಸ್ ಶಾಪಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಿವಿಯೂ ಮಂದವಾಗಿರಬಹುದು, ಮೀಟಿಂಗ್‌ನ ಅರ್ಧ ಮಾತು ಕೇಳಿಸಿಯೇ ಇರಲಿಕ್ಕಿಲ್ಲ. ಕಿವಿ ಪರೀಕ್ಷೆಯನ್ನು ಈ ವರ್ಷವೇ ಮಾಡಿಸಿ.

ಆದ್ದರಿಂದ 24 ಜನರ ಮೀಟಿಂಗ್ ಬಿಡಿ. ವಾರಕ್ಕೊಮ್ಮೆ, ಶಿಫ್ಟ್ ಶುರುವಿನಲ್ಲಿ ಹತ್ತು ನಿಮಿಷ, ಪ್ರೆಸ್‌ಗಳೆಲ್ಲ ನಿಂತಿರುವಾಗ, ಒಂದೇ ಮಷಿನ್ ಮುಂದೆ ಐದಾರು ಜನ. ಹಿಂದಿ, ಒಡಿಯಾ ಬಲ್ಲ ಒಬ್ಬ ಆಪರೇಟರ್ ಮಾತು ದಾಟಿಸಲಿ, ಕಂಟ್ರಾಕ್ಟರ್‌ನ ಮೇಸ್ತ್ರಿ ಮಾತ್ರ ಬೇಡ. ಕೇಳಲು ಒಳ್ಳೆಯ ಪ್ರಶ್ನೆ: "ನಾಳೆ ನಿಮ್ಮ ತಮ್ಮ ಈ ಪ್ರೆಸ್‌ಗೆ ಕೂತರೆ ಮೊದಲು ಏನು ಹೇಳಿಕೊಡ್ತೀರಿ?" ಇದರಲ್ಲಿ ದೂರು ಇಲ್ಲ, ಯಾರ ಮೇಲೂ ಬೊಟ್ಟು ಇಲ್ಲ, ಬಾಯಿ ತಾನಾಗಿ ಬಿಚ್ಚುತ್ತದೆ. "ಮೂರನೇ ನಂಬರ್ ಪ್ರೆಸ್ ಒಮ್ಮೊಮ್ಮೆ ತಾನೇ ಎರಡನೇ ಸ್ಟ್ರೋಕ್ ಹೊಡೆಯುತ್ತೆ, ಹುಷಾರು" ಎಂದು ಯಾರಾದರೂ ಅಂದರೆ ಆ ಕ್ಷಣವೇ ಆ ಪ್ರೆಸ್‌ನ ಮೇನ್‌ಗೆ ಬೀಗ ಹಾಕಿಸಿ. ಡಬಲ್ ಸ್ಟ್ರೋಕ್‌ಗೆ ಕಾರಣ ಪಿನ್ ಅಥವಾ ಅದನ್ನು ಹೊರಗೆಳೆಯುವ ಕ್ಯಾಮ್ ಸವೆದಿರುವುದು, ಸ್ಪ್ರಿಂಗ್ ಮುರಿದಿರುವುದು, ಬ್ರೇಕ್ ಲೈನರ್‌ಗೆ ಎಣ್ಣೆ ತಾಗಿರುವುದು. ಅದು ಬೆರಳಲ್ಲ, ಇಡೀ ಕೈ ತೆಗೆಯುವ ದೋಷ. ನೀವು ಬೀಗ ಹಾಕಿಸಿದ್ದನ್ನು 24 ಜನರೂ ನೋಡುತ್ತಾರೆ. ಮುಂದಿನ ವಾರ ಮಾತಾಡುವವರು ಹೆಚ್ಚುತ್ತಾರೆ. ಬೀಗ ಹಾಕದೆ "ನೋಡೋಣ, ಈ ಲಾಟ್ ಮುಗೀಲಿ" ಅಂದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ.

ಇದನ್ನು ನಿತ್ಯದ ಅಭ್ಯಾಸ ಮಾಡಲು ಪ್ರತಿ ಪ್ರೆಸ್‌ಗೆ ಶಿಫ್ಟ್ ಶುರುವಿನ ಪರೀಕ್ಷೆಯನ್ನು ಆಪರೇಟರ್‌ಗೇ ವಹಿಸಿ. ಡೈಯಲ್ಲಿ ಪೀಸ್ ಇಲ್ಲದೆ, ಕೈ ದೂರ ಇಟ್ಟು, ಬಟನ್ ಅಥವಾ ಪೆಡಲ್ ಒತ್ತಿ ಹಿಡಿದರೂ ರ‍್ಯಾಮ್ ಒಂದೇ ಸ್ಟ್ರೋಕ್‌ಗೆ ಮೇಲೆ ನಿಲ್ಲಬೇಕು, ಹೀಗೆ ಮೂರು ಸಲ. ಮೇಲ್ತುದಿ ದಾಟಿ ಜಾರಿ ನಿಂತರೆ ಬ್ರೇಕ್ ಸಡಿಲ. ಪೆಡಲ್ ಇದ್ದರೆ ಅದರ ಮೇಲೆ ಮುಚ್ಚಳ ಇರಬೇಕು, ಬಿದ್ದ ಪೀಸ್ ತಾಗಿ ಪ್ರೆಸ್ ಓಡಬಾರದು. ಗಾರ್ಡ್ ಬೋಲ್ಟ್ ಬಿಗಿ ಇದೆಯೇ, ಪಿನ್ನಿನ ಸದ್ದು ಬದಲಾಗಿದೆಯೇ. ಎರಡು ನಿಮಿಷದ ಕೆಲಸ. ಕ್ಲಚ್ಚಿನ ಸದ್ದು ಬದಲಾದದ್ದು ಮೊದಲು ಆಪರೇಟರ್ ಕಿವಿಗೆ ಬೀಳುತ್ತದೆ, ಮೇಂಟೆನೆನ್ಸ್‌ನವರಿಗೆ ಗೊತ್ತಾಗುವುದು ತಡವಾಗಿ. ಫಲಿತಾಂಶ ಬರೆಯಲು ಓದು ಬೇಕಿಲ್ಲದ ಹಾಗೆ ಹಸಿರು, ಕೆಂಪು ಟೋಕನ್ ಸಾಕು. ಕೆಂಪು ನೇತುಹಾಕಿದರೆ ಸೆಟ್ಟರ್ ಬಂದು ನೋಡುವವರೆಗೆ ಪ್ರೆಸ್ ಓಡಬಾರದು, ಸೂಪರ್‌ವೈಸರ್ ಹೇಳಿದರೂ.

ಕೆಂಪು ಟೋಕನ್ ಹಾಕಿ ನಿಂತವನ ಸಂಬಳ ಏನಾಗುತ್ತದೆ? ಬೋರ್ಡ್, ಪ್ರತಿಜ್ಞೆ, ಪೋಸ್ಟರ್‌ಗಳೆಲ್ಲ ಸೋಲುವುದು ಈ ಪ್ರಶ್ನೆ ಎದುರು. ಪೀಸ್ ರೇಟ್ ಅಥವಾ ಟಾರ್ಗೆಟ್ ಇನ್ಸೆಂಟಿವ್ ಇರುವ ಕಡೆ ನಿಲ್ಲಿಸಿದ ಪ್ರತಿ ನಿಮಿಷ ಅವನ ಜೇಬಿನಿಂದ ಹೋಗುತ್ತದೆ. ಊರಿಗೆ ಹಣ ಕಳಿಸಬೇಕಾದವನು ಬೆರಳಿನ ಲೆಕ್ಕಕ್ಕಿಂತ ಪೀಸಿನ ಲೆಕ್ಕ ಮೊದಲು ಹಾಕುತ್ತಾನೆ. ಅದು ಅವನ ದಡ್ಡತನವಲ್ಲ, ನೀವು ಕೊಟ್ಟ ಲೆಕ್ಕವೇ ಹಾಗಿದೆ. ಸುರಕ್ಷತೆಗಾಗಿ ನಿಲ್ಲಿಸಿದ ಹೊತ್ತಿಗೆ ಅವನ ಹಿಂದಿನ ವಾರಗಳ ಸರಾಸರಿ ಪೀಸ್ ಲೆಕ್ಕದಲ್ಲಿ ಕೂಲಿ ಕೊಡಿ. ಹೊಸ ಗಾರ್ಡ್ ಬಂದ ಮೊದಲ ಎರಡು ವಾರ ಉತ್ಪಾದನೆ ಇಳಿಯಬಹುದು, ಆಗಲೂ ಹಾಗೇ ಮಾಡಿ. ಇದನ್ನು ದುರುಪಯೋಗ ಮಾಡುತ್ತಾರೆ ಅಂತ ನಿಮ್ಮ ಸೂಪರ್‌ವೈಸರ್ ಹೇಳಬಹುದು. ಕೆಂಪು ಟೋಕನ್ ಬಿದ್ದಾಗಲೆಲ್ಲ ಸೆಟ್ಟರ್ ಬಂದು ಕಾರಣ ಬರೆಯುವುದರಿಂದ ಅದು ತಾನೇ ಗೊತ್ತಾಗುತ್ತದೆ. ಇನ್ನೊಂದು ಎಚ್ಚರಿಕೆ: "ಈ ತಿಂಗಳು ಅಪಘಾತ ಇಲ್ಲದಿದ್ದರೆ ಎಲ್ಲರಿಗೂ ಬೋನಸ್" ಅನ್ನುವ ಯೋಜನೆ ಬೇಡವೇ ಬೇಡ. ಬೆರಳು ಜಜ್ಜಿಕೊಂಡವನು ಉಳಿದವರ ಬೋನಸ್‌ಗಾಗಿ ಅದನ್ನು ಬಟ್ಟೆ ಸುತ್ತಿ ಮುಚ್ಚಿಡುತ್ತಾನೆ. ಬಹುಮಾನ ಕೊಡುವುದಾದರೆ ದೋಷ ತೋರಿಸಿದವರಿಗೆ ಕೊಡಿ.

ಈಗ ಕಮಿಟಿಯ ಮಾತು. 1984ರ ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗಳಲ್ಲಿ ಕೆಲಸಗಾರರು, ಆಡಳಿತದವರು ಸಮನಾಗಿ ಇರುವ ಸೇಫ್ಟಿ ಕಮಿಟಿ ಬಂತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಎನಿಸಲು 20 ಜನ ಇರಬೇಕು. ಕಂಟ್ರಾಕ್ಟ್‌ನವರೂ ಲೆಕ್ಕಕ್ಕೆ ಬರುವುದರಿಂದ ನೀವು ಅದರೊಳಗೇ ಇದ್ದೀರಿ. ಕಮಿಟಿಯನ್ನು ಕಡ್ಡಾಯ ಮಾಡುವುದು ಸರ್ಕಾರದ ಆದೇಶ, ನಿಯಮಗಳ ಮೂಲಕ, ಮತ್ತು ಆ ಮಿತಿಗಳು ನೂರಾರು ಜನರಿರುವ ಘಟಕಗಳನ್ನು ನೋಡಿ ಇಟ್ಟವು. 24 ಜನರ ಪ್ರೆಸ್ ಶಾಪಿಗೆ ಸಾಮಾನ್ಯವಾಗಿ ಕಡ್ಡಾಯ ಬರುವುದಿಲ್ಲ. ರಾಜ್ಯದ ಈಗಿನ ನಿಯಮವನ್ನು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ನಿಮ್ಮ ವಿಭಾಗದ ಕಚೇರಿಯಲ್ಲಿ ಒಮ್ಮೆ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಕಮಿಟಿ ಇರಲಿ ಬಿಡಲಿ, ಕೆಲಸಗಾರರ ಹಕ್ಕುಗಳು ಹೋಗುವುದಿಲ್ಲ. ಸುರಕ್ಷತೆಯ ಮಾಹಿತಿ ಕೇಳುವುದು, ಕೊರತೆ ಇದ್ದರೆ ಹೇಳುವುದು, ಜೀವಕ್ಕೆ ಅಪಾಯ ಎದುರಾಗಿದೆ ಅನ್ನಿಸಿದರೆ ನಿಮ್ಮ ಮತ್ತು ಇನ್ಸ್‌ಪೆಕ್ಟರ್ ಗಮನಕ್ಕೆ ತರುವುದು, ಇವೆಲ್ಲ ಅವರ ಕಾನೂನಿನ ಹಕ್ಕು. ಸುರಕ್ಷತಾ ಸಾಧನಗಳನ್ನು ಕೆಡಿಸಬಾರದು ಅನ್ನುವುದು ಅವರ ಕರ್ತವ್ಯವೂ ಹೌದು. ಆದರೆ ಕೆಲಸಕ್ಕೆ ಹೊಂದದ ಸಾಧನ ಕೊಟ್ಟು ಆ ಕರ್ತವ್ಯ ನೆನಪಿಸಿದರೆ ಪ್ರಯೋಜನ ಇಲ್ಲ.

ಯೂನಿಯನ್ ಭಯದ ಬಗ್ಗೆ ನಿಮ್ಮ ತಂದೆಯವರಿಗೆ ಹೀಗೆ ಹೇಳಿ. ಯೂನಿಯನ್ ಕಟ್ಟುವುದು ಕೆಲಸಗಾರರ ಹಕ್ಕು, ಅದಕ್ಕೆ ಸೇಫ್ಟಿ ಕಮಿಟಿಯ ದಾರಿ ಬೇಕಿಲ್ಲ. ಬೆರಳು ಹೋಗಿ, ಮಾಲೀಕರು ಕೈ ತೊಳೆದುಕೊಂಡ ಜಾಗದಲ್ಲಿ ಸಿಟ್ಟು ಹುಟ್ಟುತ್ತದೆ. ಡಬಲ್ ಸ್ಟ್ರೋಕ್ ಅಂದ ತಕ್ಷಣ ಪ್ರೆಸ್ ನಿಲ್ಲಿಸಿದ ಜಾಗದಲ್ಲಿ ಅದು ಕಡಿಮೆ.

ನಿಮಗಿರುವ ಆಯ್ಕೆಗಳು ಮೂರು. ಸುಮ್ಮನೆ ವಾರದ ಹತ್ತು ನಿಮಿಷ ಮಾತ್ರ ಇಟ್ಟುಕೊಳ್ಳಬಹುದು. ಅಗ್ಗ, ಸುಲಭ, ಆದರೆ ಡೆಲಿವರಿ ಒತ್ತಡ ಬಂದ ವಾರ ಮೊದಲು ಬೀಳುವುದು ಅದೇ. ಎರಡನೆಯದು, ಶಿಫ್ಟಿಗೊಬ್ಬ ಪ್ರತಿನಿಧಿ. ಸ್ವೀಡನ್‌ನಲ್ಲಿ ಐದು ಜನ ಇರುವ ಕೆಲಸದ ಜಾಗಕ್ಕೂ ಕೆಲಸಗಾರರ ಸುರಕ್ಷತಾ ಪ್ರತಿನಿಧಿ ಇರಬೇಕೆಂಬ ಕಾನೂನಿದೆ, ಹಾಗಾಗಿ ಚಿಕ್ಕ ಜಾಗಕ್ಕೆ ಇದು ಅತಿಯೇನಲ್ಲ. ಇದರ ಅಪಾಯ: ಪ್ರತಿನಿಧಿಯನ್ನು ನೀವು ಆರಿಸಿದರೆ ಅವನು ಮಾಲೀಕರ ಮನುಷ್ಯ ಅನ್ನಿಸಿಕೊಳ್ಳುತ್ತಾನೆ. ಏನಾದರೂ ಆದರೆ "ನೀನು ನೋಡಬೇಕಿತ್ತು" ಎಂದು ಸೂಪರ್‌ವೈಸರ್ ಅವನ ತಲೆಗೇ ಕಟ್ಟುತ್ತಾರೆ. ಹೊಣೆ ನಿಮ್ಮದೇ, ಅವನ ಕೆಲಸ ಹೇಳುವುದು ಅಷ್ಟೇ, ಅಂತ ಬರೆದು ಗೋಡೆಗೆ ಹಾಕಿ. ಮೂರನೆಯದು ತಿಂಗಳಿಗೊಮ್ಮೆ ಕೂರುವ ಕಮಿಟಿ. ಇದು ಪ್ರೆಸ್‌ನಿಂದ ದೂರ ಹೋಗಿ ಚಹಾ ಬಿಸ್ಕತ್ತಿನ ಮೀಟಿಂಗ್ ಆಗುವ ಸಂಭವ ಹೆಚ್ಚು.

ನಿಮ್ಮ ಅಳತೆಗೆ ನನ್ನ ಸಲಹೆ, ಮೂರನ್ನೂ ಸ್ವಲ್ಪ ಸ್ವಲ್ಪ ಸೇರಿಸಿದ್ದು. ವಾರದ ಮಾತು ಇರಲಿ. ಕೆಲಸಗಾರರಿಂದ ನಾಲ್ಕು ಪ್ರತಿನಿಧಿಗಳು: ಶಿಫ್ಟಿಗೊಬ್ಬ ಆಪರೇಟರ್, ಕಂಟ್ರಾಕ್ಟ್‌ನವರಿಂದ ಒಬ್ಬ, ಹೆಂಗಸರಿಂದ ಒಬ್ಬರು. ಬರ್ ತೆಗೆಯುವವರ ಕೈ ಕೊಯ್ತ, ಕಣ್ಣಿಗೆ ಹಾರುವ ಚೂರು, ಬೆನ್ನು ನೋವು, ಟಾಯ್ಲೆಟ್‌ಗೆ ಹೋಗಲು ಕೇಳಬೇಕಾದ ಸಂಕೋಚ, ಇವು ಗಂಡಸರ ಪಟ್ಟಿಯಲ್ಲಿ ಬರುವುದೇ ಇಲ್ಲ. ಆಯ್ಕೆ ಚೀಟಿಯಲ್ಲಿ ಆಗಲಿ, ಓದು ಬಾರದವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಸೂಪರ್‌ವೈಸರ್ ಎಣಿಸಬಾರದು. ತಿಂಗಳಿಗೊಮ್ಮೆ ಈ ನಾಲ್ವರು, ಸೆಟ್ಟರ್, ನೀವು, ಮುಕ್ಕಾಲು ಗಂಟೆ, ಕೆಲಸದ ಸಮಯದಲ್ಲೇ, ಕೂಲಿ ಸಹಿತ. ಮೊದಲರ್ಧ ಶಾಪಿನಲ್ಲಿ ನಡೆಯಿರಿ, ಉಳಿದರ್ಧ ಕೂತು ಬರೆಯಿರಿ. ಕಂಟ್ರಾಕ್ಟರ್‌ಗೆ ಒಂದು ಪತ್ರ ಕೊಡಿ: ಸುರಕ್ಷತೆಯ ಮಾತೆತ್ತಿದವರನ್ನು ನಿಮಗೆ ತಿಳಿಸದೆ ಬದಲಾಯಿಸುವಂತಿಲ್ಲ ಎಂದು. ಆ ಪತ್ರದ ವಿಷಯ ಹುಡುಗರಿಗೂ ಅವರ ಭಾಷೆಯಲ್ಲಿ ತಿಳಿಯಲಿ.

ಸೂಪರ್‌ವೈಸರ್‌ರನ್ನು ಬದಿಗೆ ತಳ್ಳಿ ಇದನ್ನು ಮಾಡಲು ಹೋಗಬೇಡಿ. ವರ್ಷಗಟ್ಟಲೆ ಡೆಲಿವರಿ ತಪ್ಪದ ಹಾಗೆ ನೋಡಿಕೊಂಡವರು ಅವರು, ಅವರನ್ನು ಅಳೆದದ್ದೂ ಡೆಲಿವರಿಯಿಂದಲೇ. ಬಾಕಿ ಉಳಿದ ದೋಷಗಳನ್ನು ಎಷ್ಟು ಬೇಗ ಮುಚ್ಚಿದರು ಅನ್ನುವುದನ್ನೂ ಅವರ ಕೆಲಸದ ಲೆಕ್ಕಕ್ಕೆ ಸೇರಿಸಿ, ಅದಕ್ಕೆ ಬೇಕಾದ ಚಿಕ್ಕ ಖರ್ಚನ್ನು ನಿಮ್ಮನ್ನು ಕೇಳದೆ ಮಾಡುವ ಅಧಿಕಾರ ಕೊಡಿ. ಬ್ರೇಕ್ ಲೈನರ್ ಒಂದಕ್ಕೆ ಆಫೀಸಿನ ಸಹಿ ಕಾಯಬೇಕಾದರೆ ಅವರೂ "ನೋಡೋಣ" ಅನ್ನುವುದನ್ನೇ ಕಲಿಯುತ್ತಾರೆ.

ಆಡಿಟ್‌ಗೆ ಮಿನಿಟ್ಸ್ ಅಂದರೆ ಐದು ಕಾಲಂ ಇರುವ ಒಂದು ಪುಸ್ತಕ ಸಾಕು: ತಾರೀಕು, ಏನು ದೋಷ ಮತ್ತು ಯಾವ ಪ್ರೆಸ್, ಯಾರು ಹೇಳಿದರು, ಯಾರು ಯಾವಾಗ ಸರಿ ಮಾಡುತ್ತಾರೆ, ಸರಿಯಾದ ದಿನ ಮತ್ತು ಹೇಳಿದವರ ಒಪ್ಪಿಗೆ. ಹೇಳಿದವರ ಹೆಸರು ಬೇಡ ಅಂದರೆ ಪ್ರತಿನಿಧಿಯ ಹೆಸರು ಹಾಕಿ. ಐದನೇ ಕಾಲಂ ಮುಖ್ಯ. ಫಿಟ್ಟರ್ "ಆಯ್ತು" ಅಂದರೆ ಆಗಲಿಲ್ಲ, ಆಪರೇಟರ್ "ಆಯ್ತು" ಅಂದಾಗ ಆಯಿತು. ಆಡಿಟ್ ಹಿಂದಿನ ದಿನ ಆರು ತಿಂಗಳ ಮಿನಿಟ್ಸ್ ಒಟ್ಟಿಗೆ ಬರೆಯಲು ಹೇಳಿಕೊಡುವ ಕನ್ಸಲ್ಟೆಂಟ್‌ಗಳು ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. "ಗಾರ್ಡ್ ಬಗ್ಗೆ ಚರ್ಚಿಸಲಾಯಿತು" ಅನ್ನುವ ಸುಳ್ಳು ಸಾಲು, ನಾಳೆ ಅಪಘಾತ ಆದರೆ, ಅಪಾಯ ಗೊತ್ತಿದ್ದೂ ಏನೂ ಮಾಡಲಿಲ್ಲ ಅನ್ನುವುದಕ್ಕೆ ನಿಮ್ಮ ಕೈಯಾರೆ ಬರೆದುಕೊಟ್ಟ ಸಾಕ್ಷಿಯಾಗುತ್ತದೆ.

ಹೋದ ವರ್ಷ ಬೆರಳು ಕಳೆದುಕೊಂಡವರ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಅವರ ಅಪಘಾತ ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ವರದಿಯಾಗಿದೆಯೇ? ರಿಪೋರ್ಟ್ ಮಾಡಿದರೆ ಲೈಸೆನ್ಸ್ ಹೋಗುತ್ತದೆ ಎಂದು ಹೆದರಿ ಪ್ರೈವೇಟ್ ನರ್ಸಿಂಗ್ ಹೋಂನಲ್ಲಿ ಹೊಲಿಗೆ ಹಾಕಿಸಿ, ಬೈಕಿನಿಂದ ಬಿದ್ದದ್ದು ಅಂತ ಬರೆಸುವುದು ಸಣ್ಣ ಶಾಪ್‌ಗಳಲ್ಲಿ ನಡೆಯುತ್ತದೆ. ಅದರಿಂದ ನಷ್ಟ ಕೆಲಸಗಾರನಿಗೆ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು ಇಎಸ್‌ಐ ಅಡಿ ಬರುತ್ತಾರೆ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಗುಣವಾಗುವವರೆಗೆ ವೇತನದ 90%, ಬೆರಳು ಹೋಗಿದ್ದರೆ ವೈದ್ಯಕೀಯ ಮಂಡಳಿ ಹೇಳುವ ಪ್ರಮಾಣದಲ್ಲಿ ಶಾಶ್ವತ ಅಂಗವಿಕಲತೆಯ ಹಣ. ವರದಿ ಆಗಿಲ್ಲದಿದ್ದರೆ ಈಗಲೂ ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಆಸ್ಪತ್ರೆಯ ಕಾಗದಗಳೊಂದಿಗೆ ಹೋಗಿ. ಉಳಿದ 23 ಜನ ನಿಮ್ಮ ಮಾತನ್ನು ಎಷ್ಟು ನಂಬಬೇಕು ಅನ್ನುವುದನ್ನು ಅವರಿಗೆ ಏನು ಸಿಕ್ಕಿತು ಅನ್ನುವುದರಿಂದಲೇ ಅಳೆಯುತ್ತಿರುತ್ತಾರೆ.

ಕೊನೆಯದಾಗಿ, ಪ್ರತಿ ಶಿಫ್ಟ್‌ನಲ್ಲೂ ಇಬ್ಬರಿಗೆ ಇದು ಬಾಯಿಪಾಠ ಆಗಿರಲಿ. ಬೆರಳು ತುಂಡಾದರೆ ಗಾಯಕ್ಕೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಬೇಕು. ತುಂಡನ್ನು ಹುಡುಕಿ, ಒದ್ದೆ ಮಾಡಿದ ಶುಭ್ರ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಬೇಕು. ಆ ಚೀಲವನ್ನು ಐಸ್ ಮತ್ತು ನೀರು ಬೆರೆಸಿದ ಇನ್ನೊಂದು ಡಬ್ಬಿಯಲ್ಲಿ ಇಡಬೇಕು. ತುಂಡನ್ನು ನೇರ ಐಸ್ ಮೇಲೆ ಇಟ್ಟರೆ ಚರ್ಮ ಸುಟ್ಟಂತಾಗಿ ಜೋಡಿಸಲು ಬರುವುದಿಲ್ಲ. ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜರಿ ಸೌಲಭ್ಯ ಹತ್ತಿರದ ಯಾವ ಆಸ್ಪತ್ರೆಯಲ್ಲಿ 24 ಗಂಟೆ ಇದೆ ಎಂದು ಈ ವಾರವೇ ವಿಚಾರಿಸಿ, ಫೋನ್ ನಂಬರನ್ನು ಫಸ್ಟ್ ಏಡ್ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಡಬ್ಬಿಯ ಬೀಗದ ಕೈ ಆಫೀಸಿನಲ್ಲಿದ್ದರೆ, ಬೀಗವನ್ನೇ ತೆಗೆಸಿ. ರಾತ್ರಿ ಶಿಫ್ಟಿಗೆ ಆಫೀಸ್ ಮುಚ್ಚಿರುತ್ತದೆ.